ಸಾರ್ವಕಾಲಿಕ ಹನ್ನೊಂದು: ವರ್ಷ ಎಣಿಸಬೇಕೇ, ಪಂದ್ಯ ಎಣಿಸಬೇಕೇ?

ಪ್ರಶ್ನೆ: ಸರ್, ನಮಸ್ಕಾರ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಫುಟ್‌ಬಾಲ್ ಆಡುವ ನಾವು ಎಂಟು ಹತ್ತು ಗೆಳೆಯರು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳು. ಆ ಕ್ಲಬ್ಬಿಗೆ ಅತಿ ದೀರ್ಘಕಾಲ ಆಡಿದವರನ್ನೇ ಆರಿಸಿ ಒಂದು ಸಾರ್ವಕಾಲಿಕ ತಂಡ ಕಟ್ಟಲು ಹೊರಟಿದ್ದೇವೆ. ಪಂದ್ಯಗಳ ಸಂಖ್ಯೆಯನ್ನು ನೋಡಬೇಕೆಂದು ನನ್ನ ವಾದ, ವರ್ಷಗಳನ್ನು ಎಣಿಸಬೇಕೆಂದು ನಮ್ಮ ಕಾಕಾನ ವಾದ. ಪಂದ್ಯಗಳ ಪಟ್ಟಿಯನ್ನು ಹಿಡಿದರೆ ಮೊದಲ ಹತ್ತು ಹೆಸರುಗಳಲ್ಲೇ ಇಬ್ಬರು ಗೋಲ್‌ಕೀಪರ್‌ಗಳು, ಐವರು ಬ್ಯಾಕ್‌ಗಳು ಬಂದು ಕೂಡುತ್ತಾರೆ, ಎಡಗಡೆಯವರು ಸಿಗುವುದೇ ಇಲ್ಲ. ಈಜಿಪ್ಟಿನ ಮುಂದಾಳು ಮೊಹಮ್ಮದ್ ಸಲಾಹ್ ಇಲ್ಲದಿದ್ದರೆ ಅದು ತಂಡವೇ ಅಲ್ಲವೆಂದು ಒಬ್ಬ ಗೆಳೆಯ ಹಠ ಹಿಡಿದಿದ್ದಾನೆ. ಸರಿಯಾದ ಕ್ರಮ ಯಾವುದು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹೆಸರುಗಳನ್ನು ಬರೆಯುವ ಮೊದಲು ಅಳತೆಗೋಲನ್ನು ನಿಶ್ಚಯಿಸಿಕೊಳ್ಳಿ, ಒಮ್ಮೆ ನಿಶ್ಚಯಿಸಿದ ಮೇಲೆ ಯಾವ ಮೆಚ್ಚಿನ ಆಟಗಾರನಿಗಾಗಿಯೂ ಅದನ್ನು ಸಡಿಲಿಸಬೇಡಿ. ನಿಮ್ಮ ಜಗಳವೆಲ್ಲ ಹುಟ್ಟಿರುವುದು ಈ ಕೆಲಸ ಹಿಂದುಮುಂದಾದದ್ದರಿಂದ.

ನೀವು ಮತ್ತು ನಿಮ್ಮ ಕಾಕಾ ಹಿಡಿದಿರುವ ಎರಡು ಅಳತೆಗಳು ಎರಡು ಬೇರೆ ತಂಡಗಳನ್ನೇ ಕೊಡುತ್ತವೆ. ವರ್ಷಗಳ ಲೆಕ್ಕದಲ್ಲಿ ಲಿವರ್‌ಪೂಲಿನ ಅಗ್ರಸ್ಥಾನ ಬೆಲ್‌ಫಾಸ್ಟ್‌ನಿಂದ ಬಂದ ಗೋಲ್‌ಕೀಪರ್ ಎಲೈಶಾ ಸ್ಕಾಟ್ ಅವರದು. 1913ರ ಜನವರಿ 1ರಂದು ಮೊದಲ ಪಂದ್ಯವಾಡಿದ ಅವರು ಕ್ಲಬ್ಬನ್ನು ಬಿಟ್ಟದ್ದು 1934ರಲ್ಲಿ, ಅಂದರೆ 21 ವರ್ಷ ದಾಟಿದ ಮೇಲೆ. ಆದರೂ ಅವರ ಪಂದ್ಯಗಳು 468 ಮಾತ್ರ. 1960ರಿಂದ 1978ರವರೆಗೆ, ಅವರಿಗಿಂತ ಮೂರು ವರ್ಷ ಕಡಿಮೆ ಇದ್ದ ಇಯಾನ್ ಕ್ಯಾಲಹನ್ ಆಡಿದ ಪಂದ್ಯಗಳು 857. ಇಷ್ಟು ದೊಡ್ಡ ಅಂತರಕ್ಕೆ ಸ್ಕಾಟ್ ಅವರ ಆಟದಲ್ಲಿ ಯಾವ ಕೊರತೆಯೂ ಕಾರಣವಲ್ಲ. ಮೊದಲ ಮಹಾಯುದ್ಧದಿಂದಾಗಿ 1915ರಿಂದ 1919ರವರೆಗೆ ಇಂಗ್ಲೆಂಡಿನ ಲೀಗ್ ನಿಂತೇಹೋಗಿತ್ತು. ಅಲ್ಲದೆ ಅವರ ಕಾಲದಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಬಿಟ್ಟರೆ ಲೆಕ್ಕಕ್ಕೆ ಬರುವ ಪಂದ್ಯಗಳು ಹೆಚ್ಚೇನೂ ಇರಲಿಲ್ಲ. ಕ್ಯಾಲಹನ್ ಕಾಲಕ್ಕೆ ಲೀಗಿನ 42 ಪಂದ್ಯಗಳ ಜೊತೆಗೆ ಲೀಗ್ ಕಪ್ ಹುಟ್ಟಿಕೊಂಡಿತ್ತು, 1964ರಿಂದ ಲಿವರ್‌ಪೂಲ್ ಯುರೋಪಿನ ಟೂರ್ನಿಗಳಿಗೂ ಹೋಗತೊಡಗಿತ್ತು.

ಹೀಗಿದ್ದರೂ ನಾನು ನಿಮ್ಮ ಪಕ್ಷವನ್ನೇ ಹಿಡಿಯುತ್ತೇನೆ. ಕ್ಲಬ್ಬಿನ ಪಟ್ಟಿಯಲ್ಲಿ ಒಂದು ವರ್ಷ ಹೆಸರಿದ್ದ ಮಾತ್ರಕ್ಕೆ ಆ ವರ್ಷ ಮೈದಾನಕ್ಕೆ ಇಳಿದಂತಾಗುವುದಿಲ್ಲ, ಏಕೆಂದರೆ ಗಾಯಗೊಂಡು ಕುಳಿತವನಿಗೂ ಮೀಸಲು ತಂಡದಲ್ಲೇ ಕಾಲ ಕಳೆದವನಿಗೂ ವರ್ಷಗಳು ಕೂಡುತ್ತಲೇ ಹೋಗುತ್ತವೆ. ಪಂದ್ಯವಾದರೋ ತರಬೇತುದಾರ ಅವನನ್ನು ನಂಬಿ ಕಣಕ್ಕಿಳಿಸಿದ ಒಂದು ದಿನದ ಗುರುತು. ಆದ್ದರಿಂದ ಅಧಿಕೃತ ಪಂದ್ಯಗಳನ್ನೇ ಎಣಿಸಿ, ಬದಲಿ ಆಟಗಾರನಾಗಿ ಇಳಿದದ್ದನ್ನೂ ಸೇರಿಸಿಕೊಳ್ಳಿ, ನಡುವೆ ಕ್ಲಬ್ಬನ್ನು ಬಿಟ್ಟು ಮರಳಿ ಬಂದವರ ಎರಡೂ ಅವಧಿಗಳನ್ನು ಕೂಡಿಸಿಕೊಳ್ಳಿ. ಇಂಗ್ಲೆಂಡಿನ ಲೀಗಿನಲ್ಲಿ ಬದಲಿ ಆಟಗಾರರಿಗೆ ಅವಕಾಶ ದೊರೆತದ್ದೇ 1965ರಲ್ಲಿ ಎಂಬುದನ್ನು ನೆನಪಿಟ್ಟರೆ, ಅದಕ್ಕೂ ಹಿಂದಿನವರ ಒಂದೊಂದು ಪಂದ್ಯವೂ ಆರಂಭದಿಂದ ಆಡಿದ ಪಂದ್ಯವೆಂದು ನಿಮಗೆ ತಿಳಿಯುತ್ತದೆ.

ಈಗ ಮೊದಲ ಹತ್ತು ಹೆಸರುಗಳನ್ನು ಎದುರಿಗಿಟ್ಟುಕೊಳ್ಳೋಣ: ಕ್ಯಾಲಹನ್ 857, ಜೇಮಿ ಕ್ಯಾರಗರ್ 737, ಸ್ಟೀವನ್ ಜೆರಾರ್ಡ್ 710, ರೇ ಕ್ಲೆಮೆನ್ಸ್ ಮತ್ತು ಎಮ್ಲಿನ್ ಹ್ಯೂಸ್ ತಲಾ 665, ಇಯಾನ್ ರಷ್ 660, ಫಿಲ್ ನೀಲ್ 650, ಟಾಮಿ ಸ್ಮಿತ್ 638, ಬ್ರೂಸ್ ಗ್ರಾಬಲಾರ್ 628, ಅಲನ್ ಹ್ಯಾನ್ಸನ್ 620. ನೀವು ಹೇಳಿದ ತೊಡಕು ಮೇಲ್ನೋಟಕ್ಕೆ ನಿಜವೇ. ಆದರೆ ಆ ತೊಡಕನ್ನು ಬಿಡಿಸುವ ಕೀಲಿಯೂ ಇವರ ಆಟದ ಚರಿತ್ರೆಯಲ್ಲೇ ಇದೆ. ಒಬ್ಬ ಆಟಗಾರ ಯಾವ ಸ್ಥಾನಕ್ಕೆ ಪ್ರಸಿದ್ಧನಾದ ಎಂಬುದರ ಬದಲು, ಆ ಕ್ಲಬ್ಬಿಗಾಗಿ ಯಾವ ಯಾವ ಸ್ಥಾನಗಳಲ್ಲಿ ನಿಜವಾಗಿ ಕಾಲೂರಿ ಆಡಿದ್ದಾನೆ ಎಂದು ಕೇಳಿಕೊಳ್ಳಿ.

ಗೋಲಿನ ವಿಷಯ ಸರಳ. ಒಂದೇ ಜಾಗ, ಹೆಚ್ಚು ಪಂದ್ಯ ಕ್ಲೆಮೆನ್ಸ್ ಅವರದು. 1978–79ರ ಲೀಗಿನ 42 ಪಂದ್ಯಗಳಲ್ಲಿ ಲಿವರ್‌ಪೂಲ್ ಬಿಟ್ಟುಕೊಟ್ಟ ಗೋಲುಗಳು ಕೇವಲ 16 ಎಂಬುದನ್ನು ನಿಮ್ಮ ಗೋಲ್‌ಕೀಪರ್ ಗೆಳೆಯನಿಗೆ ಹೇಳಿ. ಗ್ರಾಬಲಾರ್ 628 ಪಂದ್ಯ ಆಡಿಯೂ ಹೊರಗುಳಿಯಬೇಕಾಗುತ್ತದೆ. ರೈಟ್ ಬ್ಯಾಕ್ ಸ್ಥಾನಕ್ಕೆ ನೀಲ್ ಎದುರು ಯಾರೂ ನಿಲ್ಲಲಾರರು. 1976ರಿಂದ 1983ರವರೆಗೆ ಒಂದೂ ತಪ್ಪದಂತೆ ಸತತ 417 ಪಂದ್ಯಗಳನ್ನು ಆಡಿದ ದೇಹ ಅವರದು, ದೀರ್ಘಸೇವೆಯ ತಂಡವೊಂದಕ್ಕೆ ಇದಕ್ಕಿಂತ ಒಪ್ಪುವ ಸಂಖ್ಯೆಯನ್ನು ನಾನು ಕಂಡಿಲ್ಲ.

ಎಡಗಡೆಗೆ ಯಾರೂ ಇಲ್ಲವೆಂದು ನೀವು ಕೈಚೆಲ್ಲಿದ ಜಾಗಕ್ಕೆ ಕ್ಯಾರಗರ್ ಅವರನ್ನು ತನ್ನಿ. ಇಂದಿನ ಹುಡುಗರಿಗೆ ಅವರು ಸ್ಟಾಪರ್, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲುವ ಬ್ಯಾಕ್ ಎಂದೇ ಗೊತ್ತು, ಆದರೆ ಆ ಪಾತ್ರ ಅವರಿಗೆ ಖಾಯಂ ಆದದ್ದು 2004ರ ನಂತರ. ಲೀಗ್ ಕಪ್, ಎಫ್‌ಎ ಕಪ್ ಮತ್ತು ಯುಇಎಫ್‌ಎ ಕಪ್ ಮೂರನ್ನೂ ಗೆದ್ದ 2000–01ರ ಋತುವಿನಲ್ಲಿ ಬಲಗಾಲಿನ ಈ ಆಟಗಾರ ಆಡಿದ್ದು ಲೆಫ್ಟ್ ಬ್ಯಾಕ್ ಆಗಿ. ಸ್ಪೇನಿನ ಅಲಾವೆಸ್ ತಂಡವನ್ನು 5–4ರಿಂದ ಸೋಲಿಸಿದ ಯುಇಎಫ್‌ಎ ಕಪ್ ಫೈನಲ್‌ನಲ್ಲಿಯೂ ಅವರು ಅಲ್ಲೇ ಇದ್ದರು. ಹಾಗಾಗಿ ಅವರನ್ನು ಎಡಕ್ಕೆ ನಿಲ್ಲಿಸುವುದರಲ್ಲಿ ಹೊಂದಾಣಿಕೆಯ ಸಂಕೋಚವೇನೂ ಬೇಕಿಲ್ಲ. ನಡುವಿನ ಇಬ್ಬರು ಸ್ಟಾಪರ್‌ಗಳು ಹ್ಯಾನ್ಸನ್ ಮತ್ತು ಸ್ಮಿತ್. ಸ್ಮಿತ್ ಕೊನೆಯ ವರ್ಷಗಳಲ್ಲಿ ಹೆಚ್ಚಾಗಿ ರೈಟ್ ಬ್ಯಾಕ್ ಆಗಿದ್ದರೂ, 1977ರಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ನಡುವೆಯೇ ನಿಂತು ಆಡಿದರು, ತಲೆಯಿಂದ ಒಂದು ಗೋಲನ್ನೂ ಹೊಡೆದರು.

ಹ್ಯೂಸ್ ಅವರನ್ನು ಬ್ಯಾಕ್‌ಗಳ ಗುಂಪಿನಿಂದ ಬಿಡಿಸಿ ಹಾಫ್ ಸಾಲಿಗೆ ಕಳಿಸಿ. 1967ರಲ್ಲಿ ಬ್ಲ್ಯಾಕ್‌ಪೂಲ್‌ನಿಂದ ಬಂದಾಗ ಅವರು ಮೈದಾನದ ನಡುಭಾಗದಲ್ಲೇ ಓಡಾಡುವ ಆಟಗಾರ, ಹಿಂದಕ್ಕೆ ಸರಿದು ಸ್ಟಾಪರ್ ಆದದ್ದು ಆಮೇಲೆ. ಅವರ ಪಕ್ಕದಲ್ಲಿ ಜೆರಾರ್ಡ್, ಅದಕ್ಕೆ ವಿವರಣೆ ಬೇಡ. ಬಲಗಡೆಯ ಅಂಚಿಗೆ ಕ್ಯಾಲಹನ್. ಅವರು 1970ರ ಮೊಣಕಾಲಿನ ಶಸ್ತ್ರಚಿಕಿತ್ಸೆಯವರೆಗೆ ಆಡಿದ್ದು ಅಲ್ಲಿಯೇ, ಆಮೇಲೆ ನಡುಭಾಗಕ್ಕೆ ಬಂದು ಇನ್ನೊಂದು ಬಾಳನ್ನೇ ಬಾಳಿದರು. ನಮ್ಮ ಹಿರಿಯರು ರೈಟ್ ಔಟ್, ಲೆಫ್ಟ್ ಔಟ್ ಎನ್ನುತ್ತಿದ್ದರಲ್ಲ, ಆ ಹಳೆಯ ಅರ್ಥದ ರೈಟ್ ಔಟ್ ಅವರು.

ಗ್ರಾಬಲಾರ್ ಹೊರಗುಳಿದ ಮೇಲೆ ಮೊದಲ ಹತ್ತರ ಒಂಬತ್ತು ಮಂದಿ ಹೀಗೆ ತಮ್ಮ ತಮ್ಮ ಜಾಗಗಳಲ್ಲಿ ಕೂತರು, ರಷ್ ಮುಂದಾಳು ಎಂಬುದು ಹೇಳದೆಯೂ ತಿಳಿಯುವ ಮಾತು. 1987ರಲ್ಲಿ ಯುವೆಂಟಸ್‌ಗೆ ಹೋಗಿ ಮರುವರ್ಷವೇ ಮರಳಿದ ಅವರ ಎರಡೂ ಅವಧಿಗಳು ಸೇರಿ 660 ಪಂದ್ಯ, 346 ಗೋಲು. ಉಳಿದದ್ದು ಎರಡೇ ಜಾಗ: ಲೆಫ್ಟ್ ಔಟ್ ಮತ್ತು ಇನ್ನೊಬ್ಬ ಮುಂದಾಳು. ಪಟ್ಟಿಯಲ್ಲಿ ಮುಂದಿನ ಹೆಸರು 549 ಪಂದ್ಯಗಳ ಕ್ರಿಸ್ ಲಾಲರ್. ಬ್ಯಾಕ್ ಆಗಿದ್ದುಕೊಂಡೇ 61 ಗೋಲು ಹೊಡೆದ ಅವರನ್ನು ಬಿಡುವುದು ನನಗೂ ಕಷ್ಟವೆನಿಸಿತು. ಆದರೆ ಅವರ ಜಾಗ ನೀಲ್ ಅವರ ಪಾಲಾಗಿದೆ, ಲೆಫ್ಟ್ ಔಟ್ ಆಗಿ ಅವರನ್ನು ನಿಲ್ಲಿಸಿದರೆ ತಂಡ ಕಾಗದದ ಮೇಲಿನ ತಂಡವಾಗಿಬಿಡುತ್ತದೆ.

ಆದ್ದರಿಂದ ಎಡ ಅಂಚಿಗೆ ಬಿಲ್ಲಿ ಲಿಡೆಲ್. ನಿಮ್ಮ ಕಾಕಾನ ಮಾತಿಗೆ ಗೌರವ ಸಲ್ಲಬೇಕಾದದ್ದು ಇಲ್ಲಿ. ಸ್ಕಾಟ್ಲೆಂಡಿನ ಈ ಹುಡುಗ ಲಿವರ್‌ಪೂಲಿಗೆ ಬಂದದ್ದು 1938ರಲ್ಲಿ. ಎರಡನೆಯ ಮಹಾಯುದ್ಧ ಶುರುವಾಗಿ, ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿ ದುಡಿದು, ಕ್ಲಬ್ಬಿನ ಪರ ಲೆಕ್ಕಕ್ಕೆ ಸಿಗುವ ಮೊದಲ ಪಂದ್ಯವಾಡುವಷ್ಟರಲ್ಲಿ 1946ರ ಜನವರಿ ಬಂದಿತ್ತು. ಯುದ್ಧಕಾಲದಲ್ಲಿ ಆಡಿದ ಪಂದ್ಯಗಳು ಅಧಿಕೃತ ದಾಖಲೆಯಲ್ಲಿ ಸೇರುವುದಿಲ್ಲ. ಆಮೇಲೂ ಅವರಿಗೆ ಯುರೋಪಿನ ಪಂದ್ಯಗಳಿರಲಿಲ್ಲ, 1954ರಿಂದ ಮುಂದಿನ ವರ್ಷಗಳನ್ನು ಎರಡನೆಯ ಡಿವಿಜನ್‌ನಲ್ಲೇ ಕಳೆದರು. ಇಷ್ಟೆಲ್ಲ ಕಳೆದುಕೊಂಡೂ 534 ಪಂದ್ಯ, 228 ಗೋಲು. ಊರಿನ ಹೆಸರನ್ನೇ ಜನ ಲಿಡೆಲ್‌ಪೂಲ್ ಎಂದು ತಿರುಗಿಸಿ ಕರೆದದ್ದರಲ್ಲಿ ಅತಿಶಯವೇನೂ ಇಲ್ಲ. ಆಟದ ಜೊತೆಗೇ ಲೆಕ್ಕಪತ್ರದ ವೃತ್ತಿಯನ್ನೂ ಅವರು ನಡೆಸಿಕೊಂಡು ಬಂದರು ಎಂಬುದನ್ನು, ನೌಕರಿ ಮತ್ತು ಅಭ್ಯಾಸ ಎರಡನ್ನೂ ಸಂಭಾಳಿಸುವ ನಿಮ್ಮ ಗೆಳೆಯರಿಗಾಗಿ ಇಲ್ಲಿ ಸೇರಿಸುತ್ತೇನೆ.

ರಷ್ ಜೊತೆಗೆ 515 ಪಂದ್ಯಗಳ ಕೆನ್ನಿ ಡಾಲ್ಗ್ಲಿಶ್. ಇಲ್ಲಿ 492 ಪಂದ್ಯ, 285 ಗೋಲುಗಳ ರೋಜರ್ ಹಂಟ್ ಅವರನ್ನು ತರಬೇಕೆಂದು ಗೋಲೆಣಿಸುವವರು ಹೇಳಬಹುದು. ಆದರೆ ನಮ್ಮ ಅಳತೆ ಗೋಲಿನದಲ್ಲ. ಇದೇ ಉತ್ತರ ಸಲಾಹ್ ಪಕ್ಷದ ಗೆಳೆಯನಿಗೂ. 2017ರಲ್ಲಿ ಬಂದ ಅವರ ಪಂದ್ಯಗಳು 2025ರ ಬೇಸಿಗೆಯ ಹೊತ್ತಿಗೆ ಸುಮಾರು 400. ಶ್ರೇಷ್ಠರ ತಂಡವನ್ನು ಕಟ್ಟುವಾಗ ಅವರ ಹೆಸರನ್ನು ಮೊದಲು ಬರೆಯುವವನು ನಾನೇ, ಆದರೆ ಇದು ದೀರ್ಘಸೇವೆಯ ತಂಡ.

ಹೀಗೆ ನಿಮ್ಮ ತಂಡ: ಕ್ಲೆಮೆನ್ಸ್, ನೀಲ್, ಸ್ಮಿತ್, ಹ್ಯಾನ್ಸನ್, ಕ್ಯಾರಗರ್, ಕ್ಯಾಲಹನ್, ಜೆರಾರ್ಡ್, ಹ್ಯೂಸ್, ಲಿಡೆಲ್, ಡಾಲ್ಗ್ಲಿಶ್, ರಷ್. ಇವರಲ್ಲಿ ಐವರು, ಅಂದರೆ ಕ್ಲೆಮೆನ್ಸ್, ನೀಲ್, ಸ್ಮಿತ್, ಹ್ಯೂಸ್ ಮತ್ತು ಕ್ಯಾಲಹನ್, ರೋಮ್‌ನ ಆ 1977ರ ಫೈನಲ್‌ನಲ್ಲಿ ಒಟ್ಟಿಗೆ ಆಡಿದವರು. ನಾಯಕರಾಗಿ ಕಪ್ಪನ್ನು ಎತ್ತಿಹಿಡಿದವರು ಹ್ಯೂಸ್. ಹಾಗಾಗಿ ನಾಯಕನ ಪಟ್ಟಿಯನ್ನು ಅವರ ತೋಳಿಗೇ ಕಟ್ಟಿ ಎಂದು ಸೂಚಿಸುತ್ತೇನೆ, ಜೆರಾರ್ಡ್ ಹೆಸರನ್ನು ಯಾರಾದರೂ ಹೇಳಿದರೆ ಅದಕ್ಕೂ ನನ್ನ ತಕರಾರಿಲ್ಲ. ಎಲೈಶಾ ಸ್ಕಾಟ್ ಅವರನ್ನು ಮಾತ್ರ ಪೂರ್ತಿ ಬಿಡಬೇಡಿ. ಬೆಂಚಿನ ಮೊದಲ ಸಾಲಿನಲ್ಲಿ ಅವರ ಹೆಸರನ್ನು ಬರೆದು, ಎದುರಿಗೆ ಪಂದ್ಯಗಳ ಬದಲು 21 ವರ್ಷ ಎಂದು ನಮೂದಿಸಿ. ನಿಮ್ಮ ಕಾಕಾ ಅದನ್ನು ಓದಲಿ.

ಪ್ರಶ್ನೆ: ಸರ್, ನಮ್ಮ ಊರಿನ ಫುಟ್‌ಬಾಲ್ ತಂಡಕ್ಕೂ ಇಂಥದೊಂದು ಹನ್ನೊಂದರ ಪಟ್ಟಿ ಮಾಡಬೇಕೆಂದಿದ್ದೇವೆ. ಆದರೆ ಪಂದ್ಯಗಳ ದಾಖಲೆಯನ್ನು ಯಾರೂ ಬರೆದಿಟ್ಟಿಲ್ಲ. ಅರ್ಧ ಆಟಗಾರರು ದುಡಿಯಲು ಬೆಂಗಳೂರು, ಮುಂಬೈಗೆ ಹೋಗಿ ಹಬ್ಬಕ್ಕೆ ಬಂದಾಗ ಮಾತ್ರ ಆಡುತ್ತಾರೆ. ಅವರನ್ನು ಎಣಿಸುವುದು ಹೇಗೆ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಪಂದ್ಯಗಳ ಲೆಕ್ಕ ಸಿಗದ ಕಡೆ ಟೂರ್ನಮೆಂಟುಗಳನ್ನು ಎಣಿಸಿ. ಒಂದು ಟೂರ್ನಮೆಂಟಿನಲ್ಲಿ ಒಂದು ಪಂದ್ಯಕ್ಕಾದರೂ ಮೈದಾನಕ್ಕೆ ಇಳಿದವರಿಗೆ ಒಂದು ಅಂಕ ಕೊಡಿ. ಊರಲ್ಲಿ ವರ್ಷವಿಡೀ ಇದ್ದರೋ ಹಬ್ಬಕ್ಕಷ್ಟೇ ಬಂದರೋ ಎಂಬ ಭೇದ ಬೇಡ. ಮುಂಬೈಯಿಂದ ರಾತ್ರಿಯ ರೈಲು ಹಿಡಿದು ಬಂದು ಮರುದಿನ ಬೂಟು ಕಟ್ಟಿದವರ ಅಂಕವನ್ನು ಕಡಿಮೆ ಮಾಡಲು ನನಗಂತೂ ಮನಸ್ಸು ಬಾರದು.

ದಾಖಲೆ ಇಲ್ಲವೆಂದು ನೀವು ಭಾವಿಸಿದ್ದರೂ ಅದು ಚದುರಿಹೋಗಿದೆಯಷ್ಟೆ. ಟೂರ್ನಮೆಂಟ್ ನಡೆಸಿದವರ ಬಳಿ ಎಂಟ್ರಿ ಫಾರಂಗಳಿರಬಹುದು, ಹಳಬರ ಮನೆಯ ಗೋಡೆಗಳಲ್ಲಿ ತಂಡದ ಗುಂಪು ಫೋಟೋಗಳು, ಟ್ರಂಕುಗಳಲ್ಲಿ ಪ್ರಮಾಣಪತ್ರಗಳು ಇರುತ್ತವೆ. ಫೋಟೋದ ಹಿಂಬದಿಯನ್ನು ತಪ್ಪದೆ ನೋಡಿ, ಅನೇಕರು ಇಸವಿಯನ್ನು ಬರೆದಿಡುವುದು ಅಲ್ಲಿಯೇ. ಬರೀ ನೆನಪಿನ ಮೇಲೆ ಬರುವ ಹೆಸರನ್ನು ಬೇರೆ ಬೇರೆಯಾಗಿ ಕೇಳಿದಾಗ ಇಬ್ಬರಾದರೂ ಹೇಳಿದರೆ ಮಾತ್ರ ಸೇರಿಸಿ.

ನಿಮ್ಮ ಹಿರಿಯರಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಬಳಿ ಮೊದಲು ಹೋಗಿ. 1956ರ ನವೆಂಬರ್ 1ರವರೆಗೆ ನಮ್ಮ ಈ ಭಾಗ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆಗ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಮುಂಬೈಯ ರೋವರ್ಸ್ ಕಪ್ಪನ್ನು ಸತತ ಐದು ಬಾರಿ ಗೆದ್ದಿತ್ತು. ಆ ಗೆಲುವುಗಳನ್ನು ಕೇಳಿ ಬೆಳೆದವರಿಗೆ ಫುಟ್‌ಬಾಲಿನ ಹೆಸರುಗಳು ಗಟ್ಟಿಯಾಗಿ ನೆನಪಿರುತ್ತವೆ. ನಿಮ್ಮ ತಂಡದ ಮೊದಲ ವರ್ಷಗಳ ಸುದ್ದಿ ಅವರಿಂದಲೇ ದೊರಕೀತು.

ಇಬ್ಬರ ಅಂಕ ಸಮವಾದರೆ, ಆ ಸ್ಥಾನದಲ್ಲೇ ಹೆಚ್ಚು ಟೂರ್ನಮೆಂಟು ಆಡಿದವರನ್ನು ಆರಿಸಿ. ಅದೂ ಸಮವಾದರೆ ಮೊದಲು ತಂಡಕ್ಕೆ ಬಂದವರು ಹನ್ನೊಂದರಲ್ಲಿರಲಿ, ಇನ್ನೊಬ್ಬರು ಹನ್ನೆರಡನೆಯವರಾಗಲಿ. ಮತ್ತು ಇಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ದಿನಾಂಕ, ಎದುರಾಳಿ, ಆಡಿದವರ ಹೆಸರು, ಸ್ಥಾನ, ಗೋಲು ಎಂದು ಐದು ಅಂಕಣಗಳನ್ನು ಎಳೆದು, ಕಳೆದ ಭಾನುವಾರದ ಪಂದ್ಯದಿಂದಲೇ ಬರೆಯಲು ಆರಂಭಿಸಿ.