ಯುದ್ಧದ ನಡುವೆ ಆಸ್ಪತ್ರೆಗಳಿಗೆ ನಿಜವಾಗಿಯೂ ರಕ್ಷಣೆ ಇದೆಯೇ?

ಕಾನೂನಿನಲ್ಲಿ ಖಂಡಿತ ಇದೆ. 1949ರ ಜಿನೀವಾ ಒಪ್ಪಂದಗಳ ಪ್ರಕಾರ ಗಾಯಾಳು ಯಾವ ಪಕ್ಷದವನಾದರೂ ಚಿಕಿತ್ಸೆಗೆ ಅರ್ಹ, ಅವನನ್ನು ಆರೈಕೆ ಮಾಡುವ ಆಸ್ಪತ್ರೆಯ ಮೇಲೆ ದಾಳಿ ನಿಷಿದ್ಧ. ಆದರೆ ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ನಡೆದದ್ದನ್ನು ನೆನೆದಾಗ ಈ ಮಾತಿನ ಮೇಲಿನ ನಂಬಿಕೆ ಕುಸಿಯುತ್ತದೆ.

ಅಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯು ಗಾಯಾಳುಗಳಿಗಾಗಿ ಉಚಿತ ಆಸ್ಪತ್ರೆ ನಡೆಸುತ್ತಿತ್ತು. ಕಟ್ಟಡವಿರುವ ಜಾಗದ ನಿಖರ ವಿವರವನ್ನು ಅದು ಹೋರಾಡುತ್ತಿದ್ದ ಎಲ್ಲ ಪಕ್ಷಗಳಿಗೂ ಮೊದಲೇ ತಿಳಿಸಿತ್ತು. ನಗರದ ಬಹುಭಾಗ ಕತ್ತಲಲ್ಲಿದ್ದ ಆ ರಾತ್ರಿ ಅಲ್ಲಿ ದೀಪಗಳು ಉರಿಯುತ್ತಿದ್ದವು. ಆದರೂ 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಯುದ್ಧವಿಮಾನವೊಂದು ಮುಖ್ಯ ಕಟ್ಟಡದ ಮೇಲೆ ಮತ್ತೆ ಮತ್ತೆ ದಾಳಿ ನಡೆಸಿತು. ತೀವ್ರ ನಿಗಾ ಘಟಕದಲ್ಲಿ ಮೇಲೇಳಲಾಗದ ರೋಗಿಗಳು ಹಾಸಿಗೆಯಲ್ಲೇ ಸುಟ್ಟುಹೋದರು. ಬದುಕುಳಿದ ವೈದ್ಯರು ಕಚೇರಿಯ ಮೇಜನ್ನೇ ಶಸ್ತ್ರಚಿಕಿತ್ಸೆಯ ಮೇಜಾಗಿಸಿ, ನಿನ್ನೆಯವರೆಗೆ ಜೊತೆಯಲ್ಲಿ ದುಡಿದವರನ್ನು ಉಳಿಸಿಕೊಳ್ಳಲು ಹೆಣಗಿದರು. ಸತ್ತವರು 42 ಮಂದಿ: 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗಿದ್ದ 4 ಮಂದಿ.

ಅಮೆರಿಕ ಸೇನೆ ಇದನ್ನು ತಪ್ಪು ಗುರುತಿಸುವಿಕೆ ಎಂದಿತು. 16 ಮಂದಿಯ ಮೇಲೆ ಶಿಸ್ತುಕ್ರಮವಾಯಿತೇ ಹೊರತು ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ನನ್ನ ದೃಷ್ಟಿಯಲ್ಲಿ ಕಾನೂನು ಸೋತದ್ದು ಇಲ್ಲಿಯೇ. ಆಸ್ಪತ್ರೆ ಮುಚ್ಚಿತು, ಈಶಾನ್ಯ ಅಫ್ಘಾನಿಸ್ತಾನದ ಗಾಯಾಳುಗಳಿಗೆ ಹತ್ತಿರದಲ್ಲಿ ಅಂಥ ಇನ್ನೊಂದು ಆಸ್ಪತ್ರೆ ಇರಲಿಲ್ಲ.