‘ನೋಟೋರಿಯಸ್’ ಪದದಲ್ಲಿ ‘ಕು’ ಎಲ್ಲಿದೆ?

ಪ್ರಶ್ನೆ: ಇಂಗ್ಲಿಷಿನ ‘ನೋಟೋರಿಯಸ್’ ಪದಕ್ಕೆ ನಿಘಂಟುಗಳು ‘ಕುಖ್ಯಾತ’ ಎಂಬ ಅರ್ಥ ಕೊಡುತ್ತವೆ. ಅದರ ಲ್ಯಾಟಿನ್ ಮೂಲ ಯಾವುದು? ಕೆಟ್ಟದ್ದೆಂಬ ಸೂಚನೆ ಆ ಪದದ ಯಾವ ಭಾಗದಲ್ಲಿದೆ?

ಉತ್ತರ: ಯಾವ ಭಾಗದಲ್ಲೂ ಇಲ್ಲ. ‘ಖ್ಯಾತ’ದ ಹಿಂದೆ ‘ಕು’ ಸೇರಿ ನಮ್ಮಲ್ಲಿ ‘ಕುಖ್ಯಾತ’ವಾದಂತೆ ಅಲ್ಲಿ ಏನೂ ಸೇರಿಲ್ಲ. ಲ್ಯಾಟಿನ್ನಿನಲ್ಲಿ ‘ನೋಸ್ಕೆರೆ’ ಎಂದರೆ ಅರಿಯುವುದು, ‘ನೋಟುಸ್’ ಎಂದರೆ ಅರಿತದ್ದು, ಪರಿಚಿತವಾದದ್ದು. ಅದರಿಂದ ಹುಟ್ಟಿದ ಮಧ್ಯಯುಗದ ‘ನೋಟೋರಿಯುಸ್’ ಪದಕ್ಕೆ ಎಲ್ಲರಿಗೂ ತಿಳಿದಿರುವಂಥದು ಎಂದಷ್ಟೇ ಅರ್ಥ. ಆದರೆ ಚರ್ಚಿನ ನ್ಯಾಯಶಾಸ್ತ್ರವು ಬೇರೆ ಸಾಕ್ಷಿ ಬೇಡದಷ್ಟು ಬಹಿರಂಗವಾದ ಅಪರಾಧವನ್ನು ಹೇಳಲು ಇದೇ ಪದವನ್ನು ಬಳಸುತ್ತಿತ್ತು. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೂ ಅದು ಪಾಪ, ಅಪರಾಧಗಳ ಜೊತೆಗೇ ಹೆಚ್ಚಾಗಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ಚರ್ಚಿನ 1549ರ ಪ್ರಾರ್ಥನಾ ಪುಸ್ತಕವು, ಎಲ್ಲರಿಗೂ ತಿಳಿಯುವಂತೆ ಕೆಟ್ಟ ಬಾಳು ಬಾಳುವವನನ್ನು ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಬರಬಾರದೆಂದು ಎಚ್ಚರಿಸುವಲ್ಲಿ ಈ ಪದವನ್ನೇ ಇಟ್ಟಿದೆ. ಹೀಗೆ ಸಹವಾಸದಿಂದ ಅಂಟಿದ ಬಣ್ಣವೇ ಕೊನೆಗೆ ಪದದ ಅರ್ಥವಾಯಿತು.

ಇದೇ ಬೇರಿನ ಇನ್ನೊಂದು ಕವಲಿಗೆ ಒದಗಿದ ಭಾಗ್ಯ ನನಗೆ ಇನ್ನೂ ಸ್ವಾರಸ್ಯಕರವಾಗಿ ಕಾಣುತ್ತದೆ. ‘ನೋಬಲ್’ ಪದದ ಮೂಲವಾದ ‘ನೋಬಿಲಿಸ್’ ಕೂಡ ಮೊದಲಿಗೆ ಹೆಸರುವಾಸಿಯಾದವನು ಎಂದೇ ಸೂಚಿಸುತ್ತಿತ್ತು. ರೋಮ್ ಗಣರಾಜ್ಯದಲ್ಲಿ ಪೂರ್ವಿಕರೊಬ್ಬರು ಅಲ್ಲಿನ ಅತ್ಯುನ್ನತ ಅಧಿಕಾರಸ್ಥಾನವಾದ ಕಾನ್ಸಲ್ ಪದವಿ ಪಡೆದಿದ್ದ ಮನೆತನದವರನ್ನು ಸಾಮಾನ್ಯವಾಗಿ ಹಾಗೆ ಕರೆಯುತ್ತಿದ್ದರು. ಅಂಥ ಹಿನ್ನೆಲೆಯಿಲ್ಲದೆ ಕ್ರಿ.ಪೂ. 63ರಲ್ಲಿ ಕಾನ್ಸಲ್ ಆದ ವಾಗ್ಮಿ ಸಿಸೆರೊ ‘ಹೊಸ ಮನುಷ್ಯ’ ಎನಿಸಿಕೊಂಡನು. ಅರಿವಿನ ಒಂದೇ ಧಾತುವಿನಿಂದ ಒಂದು ಕಡೆ ಕುಲೀನನೂ ಇನ್ನೊಂದು ಕಡೆ ಕುಖ್ಯಾತನೂ ಹುಟ್ಟಿದರು.

‘ನೋಬಿಲಿಸ್’ ಪದದ ಹಳೆಯ ರೂಪ ‘ಗ್ನೋಬಿಲಿಸ್’. ಮೊದಲಲ್ಲಿ ಬಿದ್ದುಹೋದ ಆ ಗಕಾರ ‘ಇಗ್ನೋಬಲ್’, ‘ಇಗ್ನೊರೆಂಟ್’ ಪದಗಳ ನಡುವೆ ಉಳಿದುಕೊಂಡಿದೆ. ಇಂಗ್ಲಿಷಿನ ‘ನೋ’, ಅಂದರೆ ತಿಳಿ ಎಂಬ ಕ್ರಿಯಾಪದದ ಮೊದಲಲ್ಲಿ ಬರೆದು ಉಚ್ಚರಿಸದೆ ಬಿಡುವ ಕಕಾರವೂ ಆ ಗಕಾರದ ಸೋದರನೇ. ಸಂಸ್ಕೃತದ ‘ಜ್ಞಾ’ ಧಾತು ಈ ಕುಟುಂಬಕ್ಕೆ ಸೇರಿದ್ದರಿಂದ, ನಾವು ದಿನವೂ ಆಡುವ ಜ್ಞಾನ, ಅಜ್ಞಾತ, ವಿಜ್ಞಾನಗಳು ‘ನೋಟೋರಿಯಸ್’ ಪದಕ್ಕೆ ದೂರದ ಬಂಧುಗಳು. ಕನ್ನಡಿಗರ ಬಾಯಲ್ಲಿ ‘ಜ್ಞಾನ’ವು ‘ಗ್ನಾನ’ ಎಂದು ಕೇಳಿಸುವುದನ್ನು ಮಾತ್ರ ಆ ಪ್ರಾಚೀನ ಗಕಾರದ ಉಳಿಕೆಯೆಂದು ಭಾವಿಸಬಾರದು. ಅದು ಈಚಿನ ಉಚ್ಚಾರಣೆ.