ಹೊತ್ತು ಗೊತ್ತಿರುವ ಸಂಕಲ್ಪ

ಪ್ರಶ್ನೆ: ನಾನು ಮೂವತ್ತೆಂಟು ವರ್ಷದ ಗೃಹಿಣಿ, ಮನೆಯಲ್ಲೇ ಹೊಲಿಗೆಯನ್ನೂ ಮಾಡುತ್ತೇನೆ. ‘ಇಂದು ಯಾರ ಮೇಲೂ ರೇಗಬಾರದು, ದಿನವಿಡೀ ಸಮಾಧಾನದಿಂದಿರಬೇಕು’ ಎಂದು ಪ್ರತಿ ಬೆಳಿಗ್ಗೆ ನಿಶ್ಚಯಿಸಿಕೊಳ್ಳುತ್ತೇನೆ. ಶಾಲೆಯ ವ್ಯಾನ್ ಬರುವಷ್ಟರಲ್ಲಿ ಮಗಳ ಮೇಲೆ ಕೂಗಾಡಿರುತ್ತೇನೆ. ರಾತ್ರಿ ನನ್ನ ಮೇಲೆ ನನಗೇ ಬೇಸರವಾಗುತ್ತದೆ. ದಿನದ ನಡುನಡುವೆ ಸಣ್ಣ ಸಂಕಲ್ಪಗಳನ್ನು ಮಾಡಿಕೊ ಎಂದು ಗೆಳತಿ ಹೇಳುತ್ತಾಳೆ. ಅದರಿಂದ ಪ್ರಯೋಜನವಿದೆಯೇ? ಅದಕ್ಕಾಗಿ ಧ್ಯಾನಕ್ಕೆ ಕೂರಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರಯೋಜನ ಖಂಡಿತ ಇದೆ. ಪೂಜೆಗೆ ಕುಳಿತವರು ಸಂಕಲ್ಪ ಮಾಡುವ ಕ್ರಮವನ್ನು ನೀವು ಗಮನಿಸಿರಬಹುದು. ಏನು ಮಾಡುತ್ತೇನೆಂದು ಹೇಳುವ ಮೊದಲು ಅವರು ತಾವು ಕುಳಿತ ದೇಶವನ್ನೂ ಆ ದಿನದ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳಿಕೊಳ್ಳುತ್ತಾರೆ. ಎಲ್ಲಿ, ಯಾವಾಗ ಎಂಬುದು ಅಲ್ಲಿ ಸಂಕಲ್ಪದ ಭಾಗವೇ ಆಗಿದೆ. ನಿಮ್ಮ ಬೆಳಗಿನ ನಿಶ್ಚಯಕ್ಕೆ ಇವೆರಡೂ ಇಲ್ಲ.

ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೊಂದು ದಾರಿಯಿಂದ ಬಂದು ಇದನ್ನೇ ತೋರಿಸಿದರು. ‘ಹೀಗಿರಬೇಕು’ ಎಂದುಕೊಂಡವರಿಗಿಂತ, ‘ಇಂಥದ್ದು ಎದುರಾದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ತಮ್ಮ ನಿಶ್ಚಯವನ್ನು ಹೆಚ್ಚಾಗಿ ನಡೆಸಿಕೊಡುತ್ತಾರೆ. ಆ ಸನ್ನಿವೇಶ ಎದುರಾದೊಡನೆ ಮಾಡಬೇಕಾದ ಕೆಲಸ ತಾನಾಗಿ ನೆನಪಿಗೆ ಬರುವುದೇ ಇದಕ್ಕೆ ಕಾರಣ. ಸಿಟ್ಟು ಬಂದ ಗಳಿಗೆಯಲ್ಲಿ ಯೋಚಿಸಲು ನಮಗೆ ಪುರುಸೊತ್ತು ಇರುವುದಿಲ್ಲವಾದ್ದರಿಂದ, ಯೋಚನೆಯ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಟ್ಟಿರಬೇಕು.

ಆದುದರಿಂದ ‘ರೇಗುವುದಿಲ್ಲ’ ಎಂಬ ಮಾತನ್ನು ಬಿಟ್ಟುಬಿಡಿ. ರೇಗದೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ‘ವ್ಯಾನಿನ ಹಾರನ್ ಕೇಳಿಸಿದಾಗ ಮಗಳ ಹೆಗಲ ಮೇಲೆ ಕೈಯಿಟ್ಟು, ಆಮೇಲೆ ಮಾತನಾಡುತ್ತೇನೆ’ ಎಂದಿಟ್ಟುಕೊಳ್ಳಿ. ಹೆಗಲ ಮೇಲೆ ಕೈಯಿಟ್ಟವರ ದನಿ ತಾನಾಗಿಯೇ ತಗ್ಗುವುದನ್ನು ನಾನು ಕಂಡಿದ್ದೇನೆ. ಇನ್ನು ನಿಮ್ಮ ಹೊಲಿಗೆಯಂತೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಾಬಿನ್‌ನ ದಾರ ಮುಗಿದಾಗ ನೀವು ಬಯಸಲಿ ಬಿಡಲಿ ಕೈ ನಿಲ್ಲಲೇಬೇಕು. ಹೊಸದನ್ನು ಹಾಕುವ ಮೊದಲು ಹೆಗಲನ್ನು ಸಡಿಲಬಿಟ್ಟು ಮೂರು ಸಲ ನಿಧಾನವಾಗಿ ಉಸಿರಾಡಿ, ಮುಂದಿನ ಹೊಲಿಗೆ ಯಾರ ಬಟ್ಟೆಯದೆಂದು ಒಮ್ಮೆ ನೆನೆದುಕೊಳ್ಳಿ. ಮೊಬೈಲಿನಲ್ಲಿ ಗಂಟೆಗೊಮ್ಮೆ ಅಲಾರಂ ಇಟ್ಟುಕೊಳ್ಳುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಅದು ಕೈಯಲ್ಲಿರುವ ಕೆಲಸವನ್ನು ಕೆಡಿಸುತ್ತದೆ, ನಾಲ್ಕು ದಿನ ಕಳೆದರೆ ಕಿವಿಗೂ ಬೀಳುವುದಿಲ್ಲ.

ಸದ್ಯಕ್ಕೆ ಈ ಎರಡೇ ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಅಂದಾಜಿನ ಪ್ರಕಾರ ಕೆಲವರಿಗೆ 18 ದಿನ ಸಾಕಿದ್ದರೆ, ಕೆಲವರಿಗೆ 254 ದಿನಗಳವರೆಗೂ ಬೇಕಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲವೆಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಆಸೆ, ಏಕೆಂದರೆ ರಾತ್ರಿಯ ನಿಮ್ಮ ಬೇಸರ ನನಗೆ ಹಗಲಿನ ಸಿಟ್ಟಿಗಿಂತ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ.

ಧ್ಯಾನಕ್ಕೆ ಕೂರಲೇಬೇಕೆಂದಿಲ್ಲ, ಕೂರಬೇಕೆನಿಸಿದರೆ ಕುಳಿತುಕೊಳ್ಳಿ.

ಇನ್ನೊಂದು ಮಾತು. ಬೆಳಗಿನ ತಿಂಡಿ, ಬುತ್ತಿ, ಜಡೆ, ಸಮವಸ್ತ್ರ ಎಲ್ಲವೂ ನಿಮ್ಮೊಬ್ಬರ ಮೇಲೆಯೇ ಬಿದ್ದಿದ್ದರೆ ಸಂಕಲ್ಪ ಎಷ್ಟೇ ಚೆನ್ನಾಗಿದ್ದರೂ ಆ ಭಾರ ಇಳಿಯದು. ಅವುಗಳಲ್ಲಿ ಒಂದೆರಡು ಕೆಲಸಗಳನ್ನು ಮನೆಯವರಿಗೆ ಬಿಟ್ಟುಕೊಡಿ. ಬೇಸರದಿಂದ ನಿದ್ದೆ, ಊಟಗಳೇ ಕೆಟ್ಟು ವಾರಗಳು ಕಳೆದಿದ್ದರೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.